ಹುಡುಗಿ ಯಾವ ಲಿಂಗ?

ನನಗೆ ಮೊದಲಿನಿಂದಲೂ ಸಂಶಯದ ಬುದ್ಧಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವ್ವ ಹೇಳಿದರೆ, ಮನೆಯ ಹಾಲನ್ನೂ ಮೂಸಿ ನೋಡುವವಳು ನಾನು. ಅಂಥವಳು ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲು ಪುಣೆಯ ಕಾಲೇಜಿನಲ್ಲಿ ಜರ್ಮನ್ ಭಾಷೆ ತೆಗೆದುಕೊಂಡೆ. ರಸಾಯನಶಾಸ್ತ್ರ ಓದುವ ಆಸೆ ನನಗೆ. ಅದರ ಒಳ್ಳೆಯ ಪುಸ್ತಕಗಳೆಲ್ಲ ಆ ಭಾಷೆಯಲ್ಲಿವೆ ಎಂದು ಕೇಳಿದ್ದೆ. ಅಪ್ಪ ಧಾರವಾಡದ ಕಡೆಯಿಂದ ಬಂದು ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಕೇಳಿದ ಕೂಡಲೇ 'ಕಲಿ' ಎಂದರು. ಅಷ್ಟು ಸಲೀಸಾಗಿ ಒಪ್ಪಿದ್ದೇ ನನಗೆ ಅನುಮಾನ ತಂದಿತು.

ಜರ್ಮನ್ ಮಾಸ್ತರರು ಪುಣೇರಿ ಪಗಡಿಯ ಮರಾಠಿ ಗೃಹಸ್ಥರು, ಬರ್ಲಿನ್ನಿನಲ್ಲಿ ಓದಿ ಬಂದವರು. ಹಲಗೆಯ ಮೇಲೆ ದೇರ್, ದೀ, ದಾಸ್ ಎಂದು ಬರೆದು, 'ನಮ್ಮ ಮರಾಠಿಯ ತೋ, ತೀ, ತೇ ಇದ್ದ ಹಾಗೆಯೇ' ಎಂದರು. ಪುಲ್ಲಿಂಗಕ್ಕೆ ದೇರ್, ಸ್ತ್ರೀಲಿಂಗಕ್ಕೆ ದೀ, ನಪುಂಸಕಕ್ಕೆ ದಾಸ್. ಪ್ರತಿ ನಾಮಪದಕ್ಕೂ ಇವುಗಳಲ್ಲೊಂದನ್ನು ಮುಂಚೆ ಹಚ್ಚಲೇಬೇಕು. ಮರಾಠಿ ಹುಡುಗರು ತಲೆಯಾಡಿಸಿದರು. ಕಲ್ಲಿಗೂ ಕಿಟಕಿಗೂ ಲಿಂಗವಿರುವುದು ಅವರಿಗೆ ಹೊಸದಲ್ಲ. ನನಗೆ ಮಾತ್ರ ಮೈ ಉರಿಯಿತು. ನಮ್ಮ ಕನ್ನಡದಲ್ಲಿ ಮನುಷ್ಯರನ್ನೂ ದೇವರನ್ನೂ ಬಿಟ್ಟರೆ ಉಳಿದದ್ದೆಲ್ಲ ಅದು, ಜಗಳವೇ ಇಲ್ಲ. ಚಿಕ್ಕಂದಿನಿಂದ ಈ ಊರಿನಲ್ಲಿದ್ದರೂ ಹಾಲು ಮುಗಿಯಿತು ಎಂದು ಹೇಳಲು 'ದೂಧ ಸಂಪಲಂ' ಎನ್ನುವ ಬದಲು 'ದೂಧ ಸಂಪಲಾ' ಎಂದು ಹಾಲನ್ನು ಗಂಡಸನ್ನಾಗಿ ಮಾಡಿ ನಾವು ಬಾಡಿಗೆಗಿದ್ದ ವಾಡೆಯ ಹೆಂಗಸರನ್ನೆಲ್ಲ ನಗಿಸಿದವಳು ನಾನು.

ಆದರೆ ಮರಾಠಿ ಹುಡುಗರು ಮರಾಠಿಯನ್ನು ನಂಬಿ ಕೆಟ್ಟರು. ಸೂರ್ಯ ಗಂಡಸೆಂದು ದೇರ್ ಹಚ್ಚಿದರು. ಜರ್ಮನ್ನರ ಸೂರ್ಯ ಹೆಂಗಸು. ಕಿಟಕಿ ಇವರಿಗೆ ಹೆಣ್ಣು, ಅವರಿಗೆ ನಪುಂಸಕ. ನಾನು ಯಾರನ್ನೂ ನಂಬದೆ ಒಂದೊಂದು ಶಬ್ದವನ್ನೂ ಅದರ ಲಿಂಗದ ಸಮೇತ ಬಾಯಿಪಾಠ ಮಾಡಿದೆ. ಪಲ್ಲೆ ಹೆಚ್ಚುತ್ತ ಗೊಣಗುತ್ತಿದ್ದರೆ ಅಜ್ಜಿ, 'ಇದು ಯಾವ ದಾಸರ ಪದಾನವಾ? ರಾಗಾನ ಇಲ್ಲಲ್ಲ!' ಎನ್ನುತ್ತಿದ್ದಳು.

ಒಂದು ದಿನ ಪಾಠದಲ್ಲಿ ಹುಡುಗಿ ಎಂಬ ಶಬ್ದ ಬಂತು. ದಾಸ್ ಮೇಡ್ಶೆನ್. ಹುಡುಗಿ ನಪುಂಸಕಲಿಂಗ! ಅಚ್ಚಿನ ತಪ್ಪಿರಬೇಕು ಎಂದು ಎದ್ದು ನಿಂತು ಹೇಳಿದೆ.

'ಕೊನೆಗೆ ಶೆನ್ ಬಂದರೆ ಸಣ್ಣದು ಎಂದರ್ಥ. ಹಾಗೆ ಸಣ್ಣದಾದದ್ದೆಲ್ಲ ನಪುಂಸಕ' ಎಂದರು ಮಾಸ್ತರರು.

'ಹಾಗಾದರೆ ಹುಡುಗ?'

'ದೇರ್.'

'ಅವನೂ ಸಣ್ಣವನಲ್ಲವೇ?'

ಮಾಸ್ತರರು ಗಡಿಯಾರ ನೋಡಿಕೊಂಡರು. ಹೆಂಗಸು ಮಾತ್ರ ದೀ ಫ್ರಾವ್, ಸ್ತ್ರೀಲಿಂಗ. ಹೆಂಡತಿಗೂ ಅದೇ ಶಬ್ದ. ಎಂದರೆ ಮದುವೆಯಾಗುವ ತನಕ ಅದು, ಆದ ಮೇಲೆ ಅವಳು. ಈ ನಿಯಮ ಮಾಡಿದವನು ಮದುವೆಗೆ ಬಂದ ಮಗಳ ತಂದೆಯೇ ಇರಬೇಕು ಎಂದುಕೊಂಡೆ.

ಸಿಟ್ಟು ಹೊತ್ತುಕೊಂಡು ಮನೆಯ ಮೆಟ್ಟಿಲು ಹತ್ತಿದರೆ ಪಡಸಾಲೆಯಿಂದ ಅಪ್ಪನ ದನಿ: 'ಅದು ಬಂತೇನು? ಅದಕ್ಕ ಚಹಾ ಕೊಡು.' ಹುಟ್ಟಿದಾಗಿನಿಂದ ಕೇಳಿದ ಮಾತು. ನಮ್ಮ ಕಡೆ ಮನೆಯ ಹುಡುಗಿಯನ್ನು ಪ್ರೀತಿಯಿಂದಲೇ ಹಾಗೆ ಅನ್ನುತ್ತಾರೆ, ಕೂಸಾಗಿದ್ದಾಗ ಹತ್ತಿದ ಅಭ್ಯಾಸ. ಅಣ್ಣ ಮಾತ್ರ ಮೀಸೆ ಚಿಗುರುವ ಮುಂಚೆಯೇ ಅವ ಆಗಿದ್ದ. ಅಂದು ಮೊದಲ ಸಲ ಆ ಶಬ್ದ ಚುಚ್ಚಿತು. ಜರ್ಮನ್ನರನ್ನು ಬೈಯಲು ನನಗೆ ಮುಖವೇ ಉಳಿಯಲಿಲ್ಲ.

ಕೆಲವೇ ದಿನಗಳಲ್ಲಿ ಮನೆಯಲ್ಲಿ ಪಿಸುಮಾತು ಶುರುವಾಯಿತು. ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಹಬ್ಬ ಹುಣ್ಣಿಮೆ ಏನೂ ಇಲ್ಲದೆ ಅವ್ವ ಇಳಕಲ್ ಸೀರೆಯನ್ನು ಬಿಸಿಲಿಗೆ ಹಾಕಿದಳು. ಹುಬ್ಬಳ್ಳಿಯಿಂದ ಹೆಣ್ಣು ನೋಡಲು ಬರುತ್ತಾರೆಂದು ಕೊನೆಗೆ ಅಣ್ಣ ಬಾಯಿಬಿಟ್ಟ. ಪರೀಕ್ಷೆ ಹತ್ತಿರ ಬಂದಿತ್ತು. ಮದುವೆ ಎಂದರೆ ಕಾಲೇಜು ಮುಗಿದಂತೆಯೇ. ಅಪ್ಪ ಜರ್ಮನ್ ಕಲಿಸಿದ್ದೇ ಇದಕ್ಕೆ, ಬೀಗರ ಮುಂದೆ ಮೆರೆಸಲು ಹೊಸ ಒಡವೆಯೊಂದು ಬೇಕಾಗಿತ್ತು ಎಂದು ನಾನು ತೀರ್ಮಾನಿಸಿಬಿಟ್ಟೆ. ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು.

ಬಂದವರು ಹುಡುಗನ ತಂದೆ ಮತ್ತು ಸೋದರಮಾವ. ಅವಲಕ್ಕಿ ಕೊಟ್ಟು ನಾನು ಚಾಪೆಯ ಅಂಚಿಗೆ ಕೂತೆ.

'ಜರ್ಮನ್ ಕಲೀತದಂತಲ್ರಿ?' ಎಂದರು ಹುಡುಗನ ತಂದೆ.

'ಹೌದ್ರಿ, ಭಾಳ ಚಲೋ ಕಲೀತದ' ಎಂದರು ಅಪ್ಪ. ನೋಡಿದಿರಾ, ನಾನು ಅಂದುಕೊಂಡದ್ದೇ ಆಯಿತು.

'ಅಡಗಿ ಬರ್ತದೇನ್ರಿ ಅದಕ್ಕ?'

'ಎಲ್ಲಾ ಬರ್ತದ್ರಿ' ಎಂದಳು ಅಜ್ಜಿ.

'ಛಂದ ಅದ. ನಮಗ ಒಪ್ಪಿಗಿ ಅದರಿ. ಕಾಲೇಜು ಇನ್ನ ಸಾಕು, ಬಿಡಸ್ರಿ.'

ಅಪ್ಪ ಗಂಟಲು ಸರಿಮಾಡಿಕೊಂಡರು. 'ಮಗಳನ್ನ ಒಂದು ಮಾತು ಕೇಳಿ ಹೇಳ್ತೀನ್ರಿ.'

'ಅದನ್ನೇನು ಕೇಳೂದದರಿ!' ಎಂದು ಹುಡುಗನ ತಂದೆ ನಕ್ಕರು.

'ಅದನ್ನ ಕೇಳಬ್ಯಾಡ್ರಿ' ಎಂದೆ ನಾನು. ದನಿ ನನ್ನದೇ ಎಂದು ನನಗೇ ಗುರುತು ಹತ್ತಲಿಲ್ಲ. 'ಅಕಿನ್ನ ಕೇಳ್ರಿ. ಅಕಿ ಇಲ್ಲೇ ಕುಂತಾಳ.'

ಅಪ್ಪ ನನ್ನ ಕಡೆ ತಿರುಗಿ, 'ಏನಂತೀಯವಾ?' ಎಂದರು.

'ಈಗ ಮದುವಿ ಒಲ್ಲೆ ಅಪ್ಪಾ. ಓದ್ತೀನಿ.'

ಬಂದವರು ಟೊಪ್ಪಿಗೆ ಹಾಕಿಕೊಂಡು ಎದ್ದರು. 'ಪುಣೇದ ಗಾಳಿ ಬಡದದ ಇದಕ್ಕ' ಎಂದು ಸೋದರಮಾವ ಮೆಟ್ಟಿಲಿಳಿಯುತ್ತ ಹೇಳಿದ್ದು ಮೇಲೆ ನಿಂತ ನಮಗೆಲ್ಲ ಕೇಳಿಸಿತು.

ಅಂದು ಅಪ್ಪ ನನ್ನೊಡನೆ ಮಾತಾಡಲಿಲ್ಲ. ಅಜ್ಜಿ ನನ್ನನ್ನು ಕಂಡರೆ ಹಣೆ ಬಡಿದುಕೊಳ್ಳುತ್ತಿದ್ದಳು. ಇಷ್ಟು ಸುಮ್ಮನಿರುವ ಅಪ್ಪನನ್ನು ನಂಬಬಾರದು, ಬೆಳಗಾದರೆ ಕಾಲೇಜು ಬಿಡಿಸುತ್ತಾರೆ ಎಂದೇ ನಾನು ಎಣಿಸಿದ್ದೆ. ಮರುದಿನ ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದಾಗ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವನಿಗೆ ಹೇಳುವುದು ಕೇಳಿಸಿತು.

'ಲಗೂ ತಾಟು ಹಾಕು. ಅಕಿಗೆ ಕಾಲೇಜಿಗೆ ಹೊತ್ತಾಗ್ತದ.'

ಯಾರ ಮಾತು ಆಡುತ್ತಿದ್ದಾರೆ ಎಂದು ಒಂದು ಗಳಿಗೆ ನನಗೆ ತಿಳಿಯಲೇ ಇಲ್ಲ.