ಹುಳುಮನೆಯಲ್ಲಿ ಚದುರಂಗ

ಬೆಳಿಗ್ಗೆ ಆರು ಗಂಟೆಗೆ ಗೌರಿಬಿದನೂರು ಬಸ್ ನಿಲ್ದಾಣದಲ್ಲಿ ಮೂರನೆಯ ಸಲ ಚೀಲ ತೆರೆದು ನೋಡಿದೆ. ಹನ್ನೆರಡು ಚೆಸ್ ಗಡಿಯಾರ, ಒಂದು ಬಾಟಲಿ ಸ್ಪಿರಿಟ್, ಪ್ಲಾಸ್ಟಿಕ್ ಕವರಿನಲ್ಲಿ ತಾಲ್ಲೂಕು ಕಚೇರಿಯ ಅನುಮತಿ ಪತ್ರ. ಪತ್ರ ನನ್ನ ಹೆಸರಿಗಿತ್ತು. ಪಂದ್ಯ ಮುಗಿಯುವವರೆಗೂ ತೀರ್ಪುಗಾರ್ತಿ ಸ್ಥಳದಲ್ಲೇ ಇರಬೇಕು, ಯಾರಿಗಾದರೂ ಸೋಂಕು ತಗುಲಿದರೆ ಜವಾಬ್ದಾರಿ ಅವರದೇ ಎಂದು ಅದರಲ್ಲಿ ಬರೆದಿತ್ತು. ಕೊರೊನಾದ ಎರಡನೆಯ ಅಲೆ ಇಳಿದಿತ್ತು, ಭಯ ಇಳಿದಿರಲಿಲ್ಲ.

ನಾನು ಹೈಸ್ಕೂಲಿನ ಗಣಿತದ ಟೀಚರು, ಇಪ್ಪತ್ತು ವರ್ಷದಿಂದ ಚೆಸ್ ತೀರ್ಪುಗಾರ್ತಿ. ಒಂದೂವರೆ ವರ್ಷ ನಮ್ಮ ಜಿಲ್ಲೆಯ ಆಟಗಾರರೆಲ್ಲ ಮೊಬೈಲಿನಲ್ಲೇ ಆಡಿ ಕಣ್ಣು ಕೆಡಿಸಿಕೊಂಡಿದ್ದರು. ಎದುರುಬದುರು ಕೂತು ಆಡುವ ಮೊದಲ ಪಂದ್ಯ ಅಂದು ಚಿಂತಾಮಣಿ ಕಡೆ, ಅಂಬಾಜಿದುರ್ಗದ ಬುಡದ ಒಂದು ಹಳ್ಳಿಯಲ್ಲಿ ನಡೆಯಬೇಕಿತ್ತು. ಯಾವ ಸಭಾಂಗಣದವರೂ ಒಪ್ಪದಿದ್ದಾಗ ರೇಷ್ಮೆಹುಳು ಸಾಕುವ ಮುನಿರೆಡ್ಡಿಯವರು ತಮ್ಮ ಹುಳುಮನೆ ಬಿಟ್ಟುಕೊಟ್ಟಿದ್ದರು. "ಬೆಳೆ ಮುಗ್ದು ತೊಳ್ದು ಇಟ್ಟಿದೀನಿ ಮೇಡಂ. ನಾಕೂ ಕಡೆ ಜಾಲರಿ, ಗಾಳಿ ಆಡ್ತದೆ. ಹುಳಕ್ಕೆ ರೋಗ ತಗುಲ್ದಂಗೆ ಕಾಯೋನ್ಗೆ ಮನುಷ್ಯರನ್ನ ಕಾಯೋಕಾಗಲ್ವಾ?" ಎಂದಿದ್ದರು.

ಬಸ್ಸಿನಲ್ಲಿ ಅರ್ಧ ಸೀಟು ಖಾಲಿ. ನಾನು ಕಿಟಕಿ ಪೂರ್ತಿ ತೆರೆದು ಒಬ್ಬಳೇ ಕೂತೆ. ಮಂಚೇನಹಳ್ಳಿ ದಾಟಿದ ಮೇಲೆ ಹಿಂದಿನ ಸೀಟಿನವರೊಬ್ಬರು ಕೆಮ್ಮಿದರು, ಇಡೀ ಬಸ್ಸು ತಿರುಗಿ ನೋಡಿತು. ನಾನೂ ಉರಿಗಣ್ಣು ಬಿಟ್ಟೆ. ಸ್ಕಂದಗಿರಿಯ ನೆತ್ತಿ ಮೋಡದಲ್ಲಿ ಮುಳುಗಿತ್ತು. ನನಗೆ ಸಣ್ಣಗೆ ತಲೆನೋವು. ಪಂದ್ಯದ ಯೋಚನೆಯಲ್ಲಿ ನಿದ್ದೆಗೆಟ್ಟಿದ್ದಕ್ಕೆ ಇರಬೇಕೆಂದುಕೊಂಡೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸುವಾಗ ತಿಂದ ಇಡ್ಲಿಯ ಚಟ್ನಿ ಸಪ್ಪಗಿತ್ತು. ಹೋಟೆಲಿನವನನ್ನು ಬೈದುಕೊಂಡೆ.

ಎಂಟೂವರೆಗೆ ಶಿಡ್ಲಘಟ್ಟದಲ್ಲಿ ಇಳಿದೆ. ಚಿಂತಾಮಣಿ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ಬಸ್ ನಿಲ್ದಾಣದ ಮೂಲೆಯಲ್ಲಿ ಹೂ ಮಾರುವ ಹೆಂಗಸು ಸೆರಗಿನಿಂದ ಮೂಗು ಒತ್ತಿಕೊಂಡು, "ಇವತ್ತು ಗೂಡು ಬೇಯ್ಸೋ ನಾತ ಜಾಸ್ತಿ ಅಲ್ವೇನಮ್ಮಾ?" ಎಂದಳು.

ನೂಲು ಬಿಚ್ಚುವವರು ರೇಷ್ಮೆಗೂಡು ಬೇಯಿಸುವ ವಾಸನೆ ಈ ಊರಿಗೆ ಬರುವವರನ್ನು ಊರಿಗಿಂತ ಮೊದಲೇ ಎದುರುಗೊಳ್ಳುತ್ತದೆ. ಇಪ್ಪತ್ತು ವರ್ಷ ಇಲ್ಲಿ ಮೂಗು ಮುಚ್ಚಿಕೊಂಡೇ ಬಸ್ಸು ಬದಲಿಸಿದವಳು ನಾನು. ಈಗ ಏನೂ ಇಲ್ಲ. ಜನರಿಂದ ದೂರ, ಗೋಡೆಯ ಪಕ್ಕಕ್ಕೆ ಹೋಗಿ ಮಾಸ್ಕ್ ಇಳಿಸಿ ಜೋರಾಗಿ ಉಸಿರೆಳೆದೆ. ಆ ದುರ್ನಾತ ಒಂದು ಎಳೆಯಾದರೂ ಬರಲಿ ಎಂದು ದೇವರನ್ನು ಬೇಡಿಕೊಂಡೆ. ಚೀಲದಿಂದ ತಲೆನೋವಿನ ಮುಲಾಮು ತೆಗೆದು ಮೂಗಿನ ಕೆಳಗೆ ಸವರಿದೆ. ಚರ್ಮ ಚುರುಗುಟ್ಟಿತು, ವಾಸನೆ ಬರಲಿಲ್ಲ.

ಚಿಂತಾಮಣಿ ಬಸ್ಸು ಬಂತು. "ಹತ್ತಮ್ಮಾ, ಟೈಮಾಯ್ತು," ಎಂದ ಕಂಡಕ್ಟರ್. ಒಂದು ಕಾಲು ಮೆಟ್ಟಿಲ ಮೇಲಿಟ್ಟೆ. ಎರಡು ಮಾಸ್ಕ್ ಹಾಕಿಕೊಂಡರೆ ಯಾರಿಗೆ ಗೊತ್ತಾಗುತ್ತದೆ? ಜ್ವರವಿಲ್ಲ, ಬಾಗಿಲಲ್ಲಿ ಹಣೆಗೆ ಹಿಡಿಯುವ ಯಂತ್ರವೂ ಏನೂ ಹೇಳುವುದಿಲ್ಲ. ನಾನು ಹೋಗದಿದ್ದರೆ ಅನುಮತಿ ರದ್ದು, ಇಪ್ಪತ್ತನಾಲ್ಕು ಜನ ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ಸು. ಆದರೆ ಮುಟ್ಟಿದ ಕಾಯಿ ನಡೆಸಲೇಬೇಕು, ಎದುರಾಳಿ ನೋಡದಿದ್ದರೂ ಮುಟ್ಟಿದೆ ಅಂತ ನೀವೇ ಹೇಳಬೇಕು ಎಂದು ಇಪ್ಪತ್ತು ವರ್ಷ ಮಕ್ಕಳಿಗೆ ಗದರಿದ ಬಾಯಿ ಇದು. ಕಾಲು ಕೆಳಗಿಟ್ಟೆ. ಬಸ್ಸು ಹೋಯಿತು.

ಮುನಿರೆಡ್ಡಿಯವರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕೇಳಿದರು:

"ಪತ್ರದಲ್ಲಿ ಸ್ಥಳದಲ್ಲಿರ್ಬೇಕು ಅಂತ ಅದೆ, ಒಳಗಿರ್ಬೇಕು ಅಂತ ಅದಾ?"

"ಸ್ಥಳದಲ್ಲಿ ಅಂತಷ್ಟೇ ಇದೆ."

"ಹಂಗಾದ್ರೆ ಅಲ್ಲೇ ನಿಂತ್ಕೊಳ್ಳಿ. ಯಾರ ಹತ್ರಾನೂ ಹೋಗ್ಬೇಡಿ. ಸೊಪ್ಪು ತರೋ ಗಾಡಿ ಕಳಿಸ್ತೀನಿ, ಹಿಂದ್ಗಡೆ ಕೂತ್ಕೊಂಡು ಬನ್ನಿ."

ಹೀಗೆ ಹಿಪ್ಪುನೇರಳೆ ಸೊಪ್ಪು ಹೊರುವ ತೆರೆದ ಗಾಡಿಯಲ್ಲಿ, ಖಾಲಿ ಗೋಣಿಚೀಲಗಳ ಮೇಲೆ ಕೂತು ಇಪ್ಪತ್ತೈದು ಕಿಲೋಮೀಟರು ಹೋದೆ. ಗಾಳಿಗೆ ತುಂತುರು ಮಳೆ ಮುಖಕ್ಕೆ ಹೊಡೆಯುತ್ತಿತ್ತು. ದಾರಿಯುದ್ದಕ್ಕೂ, ಬೆಳಗಿನಿಂದ ಯಾರ ಮುಂದೆಲ್ಲ ಮಾತಾಡಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಕೆಮ್ಮಿದವರಿಗೆ ಉರಿಗಣ್ಣು ಬಿಟ್ಟದ್ದು ನೆನಪಾಗಿ ನಾಚಿಕೆಯಾಯಿತು.

ಹುಳುಮನೆಯ ಮುಂದೆ ಆಟಗಾರರು ಅಂತರ ಬಿಟ್ಟು ಸಾಲುನಿಂತಿದ್ದರು. ಹೊಸಿಲಲ್ಲಿ ಹುಳು ಮೇಯಿಸುವ ಕಾಲದಂತೆಯೇ ಬ್ಲೀಚಿಂಗ್ ನೀರಿನ ತೊಟ್ಟಿ, ಸುಣ್ಣದ ಪುಡಿ. ಕಾಲು ಅದ್ದದೆ, ಕೈ ತೊಳೆಯದೆ ಮುನಿರೆಡ್ಡಿಯವರು ಯಾರನ್ನೂ ಬಿಡುತ್ತಿರಲಿಲ್ಲ. ನನ್ನನ್ನು ಕಂಡವರೇ ಅಂಗಳದಾಚೆಯ ಹೊಂಗೆ ಮರ ತೋರಿಸಿದರು. "ಅಲ್ಲೇ ಮೇಡಂ. ಬೇಜಾರು ಮಾಡ್ಕೋಬೇಡಿ. ಒಂದು ಹುಳ ಸೊರಗಿದ್ರೂ ಮೊದ್ಲು ಆಚೆಗೆ ಎತ್ತಿಡೋದೇ ನಮ್ಮ ಪದ್ಧತಿ." ಆಡಲು ಶಿಡ್ಲಘಟ್ಟದಿಂದ ಬಂದಿದ್ದ ಕಾಲೇಜು ಉಪನ್ಯಾಸಕಿ ಹಸೀನಾ ಮುಂದೆ ಬಂದರು. ತೀರ್ಪುಗಾರರ ತರಬೇತಿ ಪಡೆದಿದ್ದವರು ಅಲ್ಲಿ ಅವರೊಬ್ಬರೇ. "ನಾನು ಆಡಲ್ಲ. ಒಳಗೆ ನಾನು ನೋಡ್ಕೋತೀನಿ, ನೀವು ಫೋನಲ್ಲಿರಿ," ಎಂದರು. ಅವರೂ ಒಂದೂವರೆ ವರ್ಷ ಕಾದಿದ್ದರು. ಅವರು ಬಿಟ್ಟ ಜಾಗಕ್ಕೆ ಮುನಿರೆಡ್ಡಿಯವರೇ ಕೂತರು. ನನ್ನ ಗಡಿಯಾರಗಳನ್ನು ಕೈಗವಸು ಹಾಕಿ ಸ್ಪಿರಿಟ್‌ನಲ್ಲಿ ಒರೆಸಿ ಒಳಗೊಯ್ದರು.

ನಾಲ್ಕು ಸುತ್ತು ಮರದಡಿಯಿಂದಲೇ ನಡೆಸಿದೆ. ಜಾಲರಿಯೊಳಗೆ ತಲೆಗಳು ಕಾಣುತ್ತಿದ್ದವು, ಗಡಿಯಾರ ಒತ್ತುವ ಟಕ್ ಟಕ್ ಕೇಳುತ್ತಿತ್ತು. ಊಟಕ್ಕೆ ಮುದ್ದೆ, ಹುರುಳಿ ಸಾರು. ಮುತ್ತುಗದ ಎಲೆಯನ್ನು ಅಂಗಳದ ನಡುವೆ ಇಟ್ಟು ಹೋದರು. ಸಾರು ಖಾರವೆಂದು ನಾಲಿಗೆಗೆ ತಿಳಿಯಿತು, ರುಚಿ ಮಾತ್ರ ಗೊತ್ತಾಗಲಿಲ್ಲ.

ಕೊನೆಯ ಸುತ್ತಿನಲ್ಲಿ ಮೊದಲ ಬೋರ್ಡಿನ ಆಟ ಮುಗಿಯಿತು. ಗೆದ್ದವಳು ತೊಂಡೇಬಾವಿಯಿಂದ ಬಂದಿದ್ದ ಬ್ಯಾಂಕ್ ಗುಮಾಸ್ತೆ, ಸೋತವರು ಚಿಂತಾಮಣಿಯ ವಕೀಲರು. ಇಬ್ಬರೂ ಎದ್ದರು. ಆಟ ಮುಗಿದರೆ ಕೈ ಕುಲುಕುವುದು ನಮ್ಮ ಆಟದ ರಕ್ತದಲ್ಲೇ ಇದೆ. ಎರಡೂ ಕೈ ಬೋರ್ಡಿನ ಮೇಲೆ ಹೊರಟವು. ನಾನು ಮರದಡಿಯಿಂದ "ಕೈ!" ಎಂದು ಕಿರುಚಿದೆ. ಕಾಗೆಗಳು ಹಾರಿದವು. ಗೇಣು ದೂರದಲ್ಲಿ ನಿಂತ ಕೈಗಳು ಮೆಲ್ಲಗೆ ಹಿಂದೆ ಸರಿದು ನಮಸ್ಕಾರವಾದವು.

ಸಂಜೆ ಅದೇ ಗಾಡಿಯಲ್ಲಿ ಮನೆವರೆಗೂ ಬಂದೆ. ಶಿಡ್ಲಘಟ್ಟ ದಾಟುವಾಗ ಮತ್ತೆ ಮೂಗರಳಿಸಿದೆ. ಏನೂ ಇಲ್ಲ. ಮರುದಿನದ ಪರೀಕ್ಷೆಯಲ್ಲಿ ಸೋಂಕು ಖಚಿತವಾಯಿತು.

ಮಹಡಿಯ ಕೋಣೆಯಲ್ಲಿ ಒಬ್ಬಳೇ ಹದಿನಾಲ್ಕು ದಿನ ಕಳೆದೆ. ಪ್ರತಿ ಸಂಜೆ ಆಟಗಾರರ ಪಟ್ಟಿ ಹಿಡಿದು ಫೋನಿಗೆ ಕಾಯುತ್ತಿದ್ದೆ. ಕೊನೆಯ ದಿನ ಮುನಿರೆಡ್ಡಿಯವರು, "ಇಪ್ಪತ್ನಾಕೂ ಜನ ಗಟ್ಟಿಯಾಗವ್ರೆ. ಹಸೀನಾ ಮೇಡಮ್ಮೂ," ಎಂದರು. ನಾನು ಅತ್ತೆ.

"ಮೂಗು ಬಂತಾ ಮೇಡಂ?"

"ಇನ್ನೂ ಇಲ್ಲ."

"ಬರ್ತದೆ ಬಿಡಿ. ಮುಂದಿನ್ ಸಲ ಶಿಡ್ಲಘಟ್ಟದಲ್ಲಿ ಮೂಗು ಮುಚ್ಕೊಂಡು ಬಸ್ ಹತ್ತಿ. ಒಳಕ್ಕೆ ಬಿಟ್ಕೋತೀನಿ."