ಬೋರ್ಡ್ ಹಾಕವ್ರೆ

ಹೊಸೂರಿನ ಹೈಸ್ಕೂಲೊಂದರಲ್ಲಿ ನಾನು ನಿವೃತ್ತಳಾಗುವವರೆಗೂ ಇಂಗ್ಲಿಷ್ ವ್ಯಾಕರಣ ಕಲಿಸಿದೆ. ಪ್ಯಾಸಿವ್ ವಾಯ್ಸ್ ಪಾಠದ ಕ್ರಮ ಪ್ರತಿ ವರ್ಷವೂ ಒಂದೇ. ಕರ್ಮವನ್ನು ಮುಂದಕ್ಕೆ ತನ್ನಿ, ಕ್ರಿಯಾಪದದ ಮೂರನೆಯ ರೂಪ ಹಾಕಿ, ಕೆಲಸ ಮಾಡಿದವರನ್ನು ಕೊನೆಗೆ ಕಳಿಸಿ ಅವರ ಹೆಸರಿನ ಮೊದಲು 'ಬೈ' ಹಚ್ಚಿ. ಮಾಡಿದವರು ಯಾರೆಂದು ಹೇಳುವ ಅಗತ್ಯವಿಲ್ಲದಿದ್ದರೆ 'ಬೈ' ಬಿಡಬಹುದು ಎಂದು ಪುಸ್ತಕ ಹೇಳುತ್ತಿತ್ತು. ನಾನು ಬಿಡಗೊಡುತ್ತಿರಲಿಲ್ಲ. ಬಿಟ್ಟವರಿಗೆ ಅಂಕ ಕತ್ತರಿಸುತ್ತಿದ್ದೆ. ಅದರ ಬಗ್ಗೆ ನನಗೆ ಈಗಲೂ ಬೇಸರವಿಲ್ಲ.

ಕನ್ನಡದಲ್ಲಿ ಅರ್ಥ ಹೇಳುವಾಗ ಮಾತ್ರ ನಾಲಿಗೆ ತಡವರಿಸುತ್ತಿತ್ತು. 'ತಾಯಿಯಿಂದ ಅನ್ನವು ಬೇಯಿಸಲ್ಪಟ್ಟಿತು' ಎಂದು ಬರೆಸಿದಾಗ ಬಾಗಲೂರು ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, "ನಮ್ಮವ್ವ ಹಂಗೆಲ್ಲಾ ಬೇಯ್ಸಲ್ಲ ಟೀಚರ್," ಅಂದಳು. ತರಗತಿಯೆಲ್ಲ ನಕ್ಕಿತು. ನಾನು ಅವಳನ್ನು ಕೂರಿಸಿ ಮುಂದಿನ ವಾಕ್ಯಕ್ಕೆ ಹೋದೆ.

ನಮ್ಮ ಆಡುಮಾತಿಗೂ ಅದರದೇ ಪ್ಯಾಸಿವ್ ವಾಯ್ಸ್ ಇದೆ ಎಂದು ನನಗೆ ಗೊತ್ತಾದದ್ದು ಹೋದ ವರ್ಷ, ಅವಲಪಲ್ಲಿಯ ನಮ್ಮ ಬಡಾವಣೆಯ ಗೇಟಿನಲ್ಲಿ. ತಳಿ ಊರಿನ ಕಡೆಯಿಂದ ಮೊದಲ ಬಸ್ಸಿಗೆ ಸೊಪ್ಪು ತರುವ ಹೆಂಗಸೊಬ್ಬಳು ನಮ್ಮ ಬೀದಿಗಳಲ್ಲಿ ಕೂಗಿ ಮಾರುತ್ತಿದ್ದಳು. ನಾನು ವಾಕಿಂಗ್ ಮುಗಿಸಿ ಬರುವ ಹೊತ್ತಿಗೆ ಸರಿಯಾಗಿ ನನ್ನ ಬಾಗಿಲಲ್ಲಿರುತ್ತಿದ್ದಳು. ಅವತ್ತು ಗೇಟಿನ ಹೊರಗೇ ಸೊಪ್ಪಿನ ಮಂಕರಿ ಇಳಿಸಿ ಕೂತಿದ್ದಳು.

"ಯಾಕಮ್ಮ ಇಲ್ಲೇ ಕೂತ್ಬುಟ್ಟೆ?"

"ಒಳೀಕ್ ಬರ್ಬಾರ್ದಂತೆ ಕಣಮ್ಮ."

"ಯಾರಂದ್ರು?"

"ಯಾರೂ ಅನ್ನಿಲ್ಲ. ಬೋರ್ಡ್ ಹಾಕವ್ರೆ."

"ಯಾರು ಹಾಕವ್ರೆ?"

"ಅದೇಯಾ, ಹಾಕವ್ರೆ. ಇಲ್ಲಿ ಕೂತ್ರೆ ಅರ್ಧ ಮಂಕ್ರಿನೂ ಖಾಲಿಯಾಗಲ್ಲ. ನೋಡ್ತೀನಿ ಇನ್ನೊಂದ್ ವಾರ. ಆಮೇಕೆ ಈ ಕಡೀಕ್ ಬರಾದೇ ನಿಲ್ಲಿಸ್ಬುಡ್ತೀನಿ."

ತಲೆಯೆತ್ತಿ ನೋಡಿದೆ. ಬೋರ್ಡಿನಲ್ಲಿ ತಮಿಳಿನ ಸಾಲಿನ ಕೆಳಗೆ ಇಂಗ್ಲಿಷಿನಲ್ಲೂ ಬರೆದಿತ್ತು. 'ವೆಂಡರ್ಸ್ ಆರ್ ನಾಟ್ ಅಲೌಡ್.' ಸ್ಪೆಲಿಂಗ್ ಸರಿಯಿತ್ತು. 'ಬೈ' ಇರಲಿಲ್ಲ. ಕೆಳಗೆ ಕೂತವಳ ಮಾತಿನಲ್ಲೂ ಇರಲಿಲ್ಲ. 'ಬರ್ಬಾರ್ದಂತೆ' ಅನ್ನುವುದರ ಹಿಂದೆ ಯಾರ ಬಾಯಿದೆ? 'ಹಾಕವ್ರೆ' ಎಂಬ ಬಹುವಚನದೊಳಗೆ ಕೈಹಾಕಿ ಹುಡುಕಿದರೂ ಒಬ್ಬರೂ ಸಿಗುವುದಿಲ್ಲ. ಇಷ್ಟು ವರ್ಷ 'ಬೇಯಿಸಲ್ಪಟ್ಟಿತು' ಎಂದು ಮಕ್ಕಳ ತಲೆ ತಿನ್ನುವ ಬದಲು ಇದನ್ನೇ ಹೇಳಬಹುದಿತ್ತು.

ಭಾನುವಾರ ಬಡಾವಣೆಯ ಸಂಘದ ಸಭೆ. ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಕುರ್ಚಿಯಲ್ಲಿ ಕೂತೆ.

"ಬೋರ್ಡಿನ ವಾಕ್ಯ ಅರ್ಧಕ್ಕೇ ನಿಂತಿದೆ," ಅಂದೆ.

ಕಾರ್ಯದರ್ಶಿ ನಕ್ಕರು. "ಇದೇನು ಗ್ರಾಮರ್ ಕ್ಲಾಸಾ ಟೀಚರಮ್ಮ?"

"ಹೌದು. ಅದನ್ನ ಆಕ್ಟಿವ್ ಮಾಡಿ. ಒಳಗೆ ಬಿಡದೆ ಇರೋರು ಯಾರು?"

"ಅಸೋಸಿಯೇಷನ್."

"ಅಸೋಸಿಯೇಷನ್ನಲ್ಲಿ ನಾನೂ ಇದ್ದೀನಿ. ನಾನು ಅಂದಿಲ್ಲ. ನೀವು ಅಂದ್ರಾ?"

"ನಾನು ಅಂತಲ್ಲ. ಡಿಸೈಡ್ ಆಯ್ತು."

"ತಾನಾಗೇ ಆಯ್ತಾ?"

ಪಕ್ಕದವರನ್ನು ಕೇಳಿದೆ, ಅವರ ಪಕ್ಕದವರನ್ನೂ ಕೇಳಿದೆ. ಒಬ್ಬರು ತಮಗೇನೂ ತೊಂದರೆಯಿಲ್ಲ ಅಂದರು. ಇನ್ನೊಬ್ಬರು ತಾವು ಸೊಪ್ಪನ್ನೇ ತಿನ್ನುವುದಿಲ್ಲ ಅಂದರು. ಕಿಟಕಿಯ ಬಳಿ ಕೂತವರು ತಮಿಳಿನಲ್ಲಿ "ವಿಡುಂಗ ಟೀಚರ್" ಅಂದರು. ನಾನು ಬಿಡಲಿಲ್ಲ. ನನ್ನ ತರಗತಿಯಲ್ಲಿ ಉತ್ತರ ಬರುವವರೆಗೆ ಬೆಂಚು ಬಿಟ್ಟು ಯಾರೂ ಎದ್ದವರಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಂದು ದನಿ ಬಂತು. ನಮ್ಮ ಮನೆಯ ಎದುರು ಮಹಡಿಯಲ್ಲಿ ಬಾಡಿಗೆಗಿರುವ ಹೆಂಗಸು.

"ನಾನೇ ಆಂಟಿ ಹೇಳಿದ್ದು. ನಮ್ಮನೆಯವ್ರು ಫ್ಯಾಕ್ಟ್ರೀಲಿ ನೈಟ್ ಶಿಫ್ಟ್ ಮುಗಿಸಿ ಬಂದು ಆಗ ತಾನೆ ಕಣ್ಣು ಮುಚ್ಚಿರ್ತಾರೆ. ಆಯಮ್ಮ ಕಿಟಕಿ ಕೆಳಗೇ ಬಂದು ಸೊಪ್ಪೋ ಅಂತಾಳೆ. ಅಲ್ಲಿ ಕೂಗ್ಬೇಡ ಅಂತ ಹೇಳ್ಸಿ ಅಂದೆ, ಅಷ್ಟೇ. ಒಳಗೇ ಬಿಡ್ಬೇಡಿ ಅಂತ ನಾನಂದಿಲ್ಲ."

ಸಭೆಯಲ್ಲಿ ಧೈರ್ಯವಾಗಿ 'ನಾನು' ಎಂದವಳು ಅವಳೊಬ್ಬಳೇ. 'ನಾನು' ಅಂದವರ ಹತ್ತಿರ ಮಾತಾಡಬಹುದು. ಕಿಟಕಿಯ ಕೆಳಗೆ ಕೂಗಿಸುವುದಿಲ್ಲ ಎಂದು ಅಲ್ಲೇ ಒಪ್ಪಿಕೊಂಡೆ. ಕೂಗಬೇಡ ಎಂಬುದು ಅಷ್ಟು ಬಾಯಿ ದಾಟುವಷ್ಟರಲ್ಲಿ ಬರಬೇಡ ಎಂದಾದದ್ದು ಹೇಗೆ ಎಂದು ಕಾರ್ಯದರ್ಶಿಯವರನ್ನು ಕೇಳಿದೆ.

"ಬರೆಸಿ ಆಗಿದೆ. ಈಗ ಕೀಳೋಕಾಗಲ್ಲ ಟೀಚರಮ್ಮ," ಅಂದರು. ಮತ್ತೆ 'ಆಗಿದೆ.'

"ಕೀಳಬೇಡಿ. ನಾಳೆಯಿಂದ ನಾನೇ ಅವಳನ್ನ ಕರ್ಕೊಂಡು ಬತ್ತೀನಿ. ತಡೆಯೋರು ಗೇಟಿಗೆ ಬಂದು, ನಾನು ತಡೀತೀನಿ ಅಂತ ಬಾಯಿಬಿಟ್ಟು ಹೇಳಿ."

ಮಾರನೆಯ ದಿನ ವಾಕಿಂಗ್ ದಾರಿ ಬದಲಿಸಿ ಬಸ್ಸಿನ ಹೊತ್ತಿಗೆ ಗೇಟಿಗೆ ಹೋದೆ. ಅವಳು ಹಿಂದೆಮುಂದೆ ನೋಡಿದಳು. "ಏನಾರ ಅಂದ್ರೆ ನಂಗೇ ಅಲ್ವೇನಮ್ಮ ಅನ್ನಾದು?" ಅಂದಳು. ಅದು ನಿಜ. ಮಂಕರಿಯ ಒಂದು ಪಕ್ಕಕ್ಕೆ ನಾನೇ ಕೈಕೊಟ್ಟು ಅವಳ ತಲೆಗೆ ಎತ್ತಿದೆ.

ಕಾವಲುಗಾರ ಎದ್ದು ಬಂದ. "ಬಿಡ್ಬಾರ್ದಂತೆ ಮೇಡಂ."

"ಯಾರು ಬಿಟ್ಟಿದ್ದು ಅಂತ ಕೇಳಿದ್ರೆ ಟೀಚರಮ್ಮ ಬಿಟ್ಟಿದ್ದು ಅನ್ನು."

ಅವನು ಪಕ್ಕಕ್ಕೆ ಸರಿದ. ಎದುರು ಮಹಡಿಯ ಕಿಟಕಿಯ ಕೆಳಗೆ ಇಬ್ಬರೂ ಬಾಯಿ ಮುಚ್ಚಿಕೊಂಡು ನಡೆದೆವು. ಮುಂದಿನ ತಿರುವಿನಲ್ಲಿ ಅವಳು ಗಂಟಲು ಸರಿಮಾಡಿಕೊಂಡು ಕೂಗಿದಳು. ಅಂದಿನಿಂದ ದಿನವೂ ಕೂಗುತ್ತಿದ್ದಾಳೆ. ಬಿಟ್ಟವರು ಯಾರೆಂದು ಕಾವಲುಗಾರನನ್ನು ಇದುವರೆಗೆ ಒಬ್ಬರೂ ಕೇಳಿಲ್ಲ.