ಏನೂ ವಾಸನೆ ಇಲ್ಲದ ಗ್ಲಾಸು

ಬೆಳಗಿನ ಆರು ಗಂಟೆ. ಬರೋಸಾ ಕಣಿವೆಯ ದ್ರಾಕ್ಷಿ ಸಾಲುಗಳ ಮೇಲೆ ಇನ್ನೂ ಮಂಜು ಕೂತಿದೆ. ವೈನ್ ತಯಾರಿಸುವ ವೈನರಿಯ ಹಿಂಬದಿಯ ತೊಟ್ಟಿಯ ಮುಂದೆ ನಿಂತು ಎಲ್ವಾ ಹೈನ್ರಿಕ್ ಗ್ಲಾಸು ಮೂಸುತ್ತಿದ್ದಾರೆ. ಕುದಿಯುವ ನೀರಿಗೆ ಅದ್ದಿ, ಎತ್ತಿ, ಹಬೆ ಆರುವ ಮುಂಚೆ ಹಳೆಯ ಹತ್ತಿ ಬಟ್ಟೆಯಲ್ಲಿ ಒರೆಸಿ, ಮೂಗನ್ನು ಒಳಗೆ ತೂರಿಸುತ್ತಾರೆ. ಸರಿಯಿದ್ದರೆ ಬಲಕ್ಕೆ ಇಡುತ್ತಾರೆ. ಇಲ್ಲದಿದ್ದರೆ ಮತ್ತೆ ನೀರಿಗೆ. ದಿನಕ್ಕೆ ಮುನ್ನೂರು ಗ್ಲಾಸು, ಶನಿವಾರ ಆರು ನೂರು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ.

ಪತ್ರಿಕೆಯವರು ನನ್ನನ್ನು ಕಳಿಸಿದ್ದು ಇವರ ಬಗ್ಗೆ ಬರೆಯಲಿಕ್ಕಲ್ಲ. ಒಬ್ಬರೇ ಕಾರು ಓಡಿಸಿಕೊಂಡು ಕಣಿವೆ ಸುತ್ತಿ, ವೈನ್ ರುಚಿ ನೋಡಿ, ಒಳ್ಳೆಯ ಕಡೆ ಊಟ ಮಾಡಿ ಬರೆಯಿರಿ ಅಂದಿದ್ದರು. ಒಬ್ಬರೇ ಹೋದರೆ ಕುಡಿಯುವಂತಿಲ್ಲ, ಕಾರು ಓಡಿಸುವವರೂ ನಾವೇ ತಾನೆ. ಬಾಯಲ್ಲಿ ತಿರುಗಿಸಿ ಬಕೆಟ್ಟಿಗೆ ಉಗುಳಬೇಕು. ಮೂರು ದಿನ ಉಗುಳಿದ್ದೇ ಆಯಿತು. ಪಕ್ಕದಲ್ಲಿ ನಿಂತವರು ಕಣ್ಣು ಮುಚ್ಚಿಕೊಂಡು 'ಒದ್ದೆ ಕಲ್ಲು', 'ಕುದುರೆ ಜೀನು', 'ಪೆನ್ಸಿಲ್ ಕೆತ್ತಿದ ಪುಡಿ' ಅನ್ನುವುದನ್ನು ಕೇಳಿ ತಲೆ ಕೆಟ್ಟುಹೋಯಿತು. ದ್ರಾಕ್ಷಿಯ ವಾಸನೆ ಬರುತ್ತದೆ ಅಂದ ಪುಣ್ಯಾತ್ಮ ಒಬ್ಬನೂ ಸಿಗಲಿಲ್ಲ. ಬುಧವಾರ ಮಧ್ಯಾಹ್ನ ಇಲ್ಲಿಯ ಶಿರಾಜ್ ಎಂಬ ಕೆಂಪು ವೈನ್ ಮೂಸಿದಾಗ ನನಗೂ ಲ್ಯಾವೆಂಡರ್ ಹೂವಿನ ಘಮ ಬಂತು. ಬರೆದುಕೊಂಡೆ. ಆ ಪುಟ ತೆರೆಯಲು ಈಗ ನಾಚಿಕೆಯಾಗುತ್ತದೆ.

ಎಲ್ವಾ ಅವರಿಗೆ ಅರವತ್ತಮೂರು ವರ್ಷ. ಈ ಶಿರಾಜ್ ಬಳ್ಳಿಗಳನ್ನು ನೆಟ್ಟ ಕೂಲಿಗಳಲ್ಲಿ ಅವರ ಅಜ್ಜನೂ ಒಬ್ಬ. ಗ್ಲಾಸಿಗೆ ಸೋಪು ಮುಟ್ಟಿಸುವುದಿಲ್ಲ. ಒರೆಸುವ ಬಟ್ಟೆಯನ್ನು ಬರೀ ನೀರಲ್ಲಿ ಕುದಿಸಿ ಬಿಸಿಲಿಗೆ ಹಾಕುತ್ತಾರೆ. ಮನೆಯಲ್ಲೂ ಘಮದ ಸೋಪಿಲ್ಲ, ಬೆಳಿಗ್ಗೆ ಈರುಳ್ಳಿ ಹುರಿಯುವಂತಿಲ್ಲ. ಚಳಿಗಾಲದಲ್ಲಿ ಬೆರಳ ಸಂದಿ ಒಡೆದು ರಕ್ತ ಬಂದರೂ ಕೈಗೆ ಕ್ರೀಮು ಹಚ್ಚುವುದಿಲ್ಲ.

"ಚರ್ಚಿನಲ್ಲಿ ಹಿಂದಿನ ಬೆಂಚು ನನ್ನದು. ಮುಂದೆ ಕೂತವರ ಸೆಂಟಿನ ಹೊಡೆತಕ್ಕೆ ಸೋಮವಾರದವರೆಗೂ ಮೂಗು ಸತ್ತುಹೋಗುತ್ತೆ," ಅನ್ನುತ್ತಾರೆ. "ನನ್ನ ಗಂಡ ಮರ್ವ್ ಹೇಳ್ತಾನೆ, ನಿನ್ನ ಕೈ ಹಿಡಿಯೋದೂ ಒಂದೇ, ಬೇಲಿ ಗೂಟ ಹಿಡಿಯೋದೂ ಒಂದೇ ಅಂತ. ಹಾಗಾದ್ರೆ ಬೇಲಿ ಹತ್ರಾನೇ ಮಲಕ್ಕೋ ಹೋಗು ಅಂದೆ."

ಮೂರು ವಾರದ ಹಿಂದೆ ಹೊಸ ಮ್ಯಾನೇಜರ್ ಡೇಮಿಯನ್ ಒರೆಸುವ ಬಟ್ಟೆಗಳನ್ನು ಪಟ್ಟಣದ ಲಾಂಡ್ರಿಗೆ ವಹಿಸಿದ. ಗರಿಗರಿ ಬಿಳಿ ಬಟ್ಟೆಗಳು ಬಂದವು. "ಇವು ನಾರುತ್ತವೆ" ಎಂದು ಎಲ್ವಾ ಮೊದಲ ದಿನವೇ ಹೇಳಿದರು. "ಅದು ನಾತ ಅಲ್ಲ, ಶುಭ್ರತೆ" ಅಂದ ಅವನು. ಎಲ್ವಾ ಎರಡು ಗಂಟೆಗೆ ಮನೆಗೆ ಹೋಗುವವರೆಗೆ ತಮ್ಮ ಹಳೆಯ ಬಟ್ಟೆಯನ್ನೇ ಬಳಸುತ್ತಾರೆ. ಆಮೇಲೆ ಕೌಂಟರಿನವರು ಹೊಸದರಲ್ಲಿ ಒರೆಸುತ್ತಾರೆ. ಅಂದಿನಿಂದ ಮಧ್ಯಾಹ್ನ ಬಂದವರೆಲ್ಲ ಅಭಿಪ್ರಾಯದ ಪುಸ್ತಕದಲ್ಲಿ ಲ್ಯಾವೆಂಡರ್ ಎಂದು ಬರೆಯತೊಡಗಿದರು. ವೈನ್ ಮಾಡುವವನು ವಿದೇಶ ಪ್ರವಾಸದಲ್ಲಿದ್ದ. ಕೇಳುವವರಿಲ್ಲ. ಡೇಮಿಯನ್ ಹೊಸ ಲೇಬಲ್ಲನ್ನೇ ಬರೆಸಿಬಿಟ್ಟ: 'ಲ್ಯಾವೆಂಡರ್ ತೋಟದ ಸಂಜೆಗಾಳಿ'. ಗುರುವಾರ ಮಧ್ಯಾಹ್ನಕ್ಕೆ ಅದು ಅಚ್ಚಿಗೆ ಹೋಗಬೇಕು.

ಗುರುವಾರ ಬೆಳಿಗ್ಗೆ ನಾನು ಅಲ್ಲೇ ಇದ್ದೆ.

"ಅದು ಬಟ್ಟೆಗೆ ಹತ್ತಿದ ಲಾಂಡ್ರಿ ಸೋಪಿನ ವಾಸನೆ ಕಣೋ," ಅಂದರು ಎಲ್ವಾ.

"ಇನ್ನೂರು ಜನ ಬರೆದಿದ್ದಾರೆ, ಎಲ್ವ್. ನಿನಗೊಬ್ಬಳಿಗೇ ಗೊತ್ತಾ?"

"ಬೆಳಿಗ್ಗೆ ಬಂದವರು ಯಾಕೆ ಒಬ್ಬರೂ ಬರೆದಿಲ್ಲ? ಲ್ಯಾವೆಂಡರ್ ಏನು ಊಟ ಆದ್ಮೇಲೆ ಡ್ಯೂಟಿಗೆ ಬರುತ್ತಾ?"

ಡೇಮಿಯನ್ ಮುಖ ಕೆಂಪಾಯಿತು. "ವಯಸ್ಸಾಯ್ತು, ನಿನ್ನ ಮೂಗು ಹೋಗಿದೆ. ಸೋಮವಾರದಿಂದ ನೀನು ಉಗುಳುವ ಬಕೆಟ್ ನೋಡ್ಕೋ. ಗ್ಲಾಸಿಗೆ ಬೇರೆಯವರನ್ನು ಹಾಕ್ತೀನಿ."

ನನಗೇ ಮೈ ಉರಿದುಹೋಯಿತು. ಎಲ್ವಾ ಎರಡು ಗ್ಲಾಸು ತೊಳೆದರು. ಒಂದನ್ನು ತಮ್ಮ ಬಟ್ಟೆಯಲ್ಲಿ ಒರೆಸಿದರು, ಇನ್ನೊಂದನ್ನು ಲಾಂಡ್ರಿಯದರಲ್ಲಿ. ಎರಡಕ್ಕೂ ನಲ್ಲಿ ನೀರು ಹಿಡಿದು ಅವನ ಮುಂದಿಟ್ಟರು.

"ಮೂಸು."

ಮೊದಲನೆಯದನ್ನು ಮೂಸಿದ. ಎರಡನೆಯದಕ್ಕೆ ಮೂಗು ಇಟ್ಟವನು ಅಲ್ಲೇ ನಿಂತ.

"ಯಾವ ವರ್ಷದ ನೀರಪ್ಪಾ ಅದು?" ಎಂದು ಕೇಳಿದರು ಎಲ್ವಾ. "ಸಂಜೆಗಾಳಿ ಬಂತಾ?"

ಕೌಂಟರಿನ ಹುಡುಗಿಯರು ಗೋಡೆ ಕಡೆ ತಿರುಗಿ ನಕ್ಕರು. ಡೇಮಿಯನ್ ಹೊರಗೆ ಹೋಗಿ ಅಚ್ಚಿನವರಿಗೆ ಫೋನು ಮಾಡಿದ. ಒಳಗೆ ಬಂದು, "ಸದ್ಯ, ನಾವು ಸಮಯಕ್ಕೆ ಸರಿಯಾಗಿ ಪತ್ತೆ ಹಚ್ಚಿದ್ವಿ," ಅಂದ. ನಾವು! ತಪ್ಪಾಯಿತು ಅನ್ನಲಿಲ್ಲ, ಥ್ಯಾಂಕ್ಸ್ ಅನ್ನಲಿಲ್ಲ. ಲಾಂಡ್ರಿಯ ಬಟ್ಟೆಗಳನ್ನು ನೆಲ ಒರೆಸಲು ಕೊಟ್ಟ, ಬಕೆಟ್ಟಿನ ಮಾತು ಮತ್ತೆ ಎತ್ತಲಿಲ್ಲ. ಅಷ್ಟೇ.

ಅವತ್ತು ವೈನರಿಯ ಹೋಟೆಲಿನಲ್ಲಿ ನನಗಾಗಿ ಮೇಜು ಕಾದಿರಿಸಿದ್ದರು. ಅಗಲ ತಟ್ಟೆಯ ನಡುವೆ ಬೆರಳಗಲದ ಕುರಿಮಾಂಸ ಇಟ್ಟು ಕೊಡುವ ಊಟ. ಅದನ್ನು ಬಿಟ್ಟು ಹಿಂದಿನ ಮೆಟ್ಟಿಲ ಮೇಲೆ ಎಲ್ವಾ ಪಕ್ಕ ಕೂತೆ. ಅವರ ಡಬ್ಬಿಯಲ್ಲಿ ಬ್ರೆಡ್ಡು, ಹೊಗೆಯಲ್ಲಿ ಒಣಗಿಸಿದ ಸಾಸೇಜು, ಉಪ್ಪುನೀರಿನ ಸೌತೆಕಾಯಿ. ಕೈಗೆ ವಾಸನೆ ಹತ್ತೀತೆಂದು ಎಲ್ಲವನ್ನೂ ಮುಳ್ಳುಚಮಚದಲ್ಲಿ ಚುಚ್ಚಿ ತಿನ್ನುತ್ತಾರೆ.

ಅಷ್ಟರಲ್ಲಿ ಒಂದು ಕಾರು ಬಂದು ನಿಂತಿತು. ಹೋದ ವಾರ ಹನ್ನೆರಡು ಬಾಟಲಿ ಕೊಂಡುಹೋದವನಂತೆ. "ಮನೇಲಿ ತೆಗೆದ್ರೆ ಲ್ಯಾವೆಂಡರ್ ಇಲ್ವೇ ಇಲ್ಲ. ಮೋಸ!" ಎಂದು ಮೆಟ್ಟಿಲ ಬಳಿಯೇ ಕೂಗಾಡಿದ. ಎಲ್ವಾ ಎದ್ದು ಒಳಗೆ ಹೋಗಿ, ನೆಲ ಒರೆಸಲು ಇಟ್ಟಿದ್ದ ರಾಶಿಯಿಂದ ಒಂದು ಬಿಳಿ ಬಟ್ಟೆ ತಂದು ಅವನ ಕೈಗಿಟ್ಟರು.

"ತಗೋ ಮಗಾ, ಲ್ಯಾವೆಂಡರ್ ಇದರಲ್ಲಿದೆ. ಸಾಕು ಅನ್ನಿಸಿದ ದಿನ ಬರೀ ವೈನ್ ಕುಡಿ. ಅದೂ ಚೆನ್ನಾಗಿದೆ."

ಅವನು ಬಟ್ಟೆಯನ್ನು ಮೂಸಿ ನೋಡಿದ. ಆಮೇಲೆ ಅದನ್ನು ಹಿಡಿದುಕೊಂಡೇ ಕಾರು ಹತ್ತಿದ.

ನಿಮಗೇನು ಬೇಕು ಎಂದು ಎಲ್ವಾ ಅವರನ್ನು ಕೇಳುತ್ತೇನೆ. ಒಡೆದ ಬೆರಳುಗಳನ್ನು ನೋಡಿಕೊಳ್ಳುತ್ತಾರೆ. "ಕೆಲಸ ಬಿಡೋ ದಿನ ಒಂದು ಡಬ್ಬಿ ಗುಲಾಬಿ ಕ್ರೀಮು ತಂದು ಮೊಣಕೈವರೆಗೂ ಬಳ್ಕೋತೀನಿ. ಬೇಲಿ ಗೂಟ ಹೇಗೆ ಘಮಘಮ ಅನ್ನುತ್ತೆ ಅಂತ ಮರ್ವ್‌ಗೂ ಗೊತ್ತಾಗ್ಲಿ."

ಪತ್ರಿಕೆಯಲ್ಲಿ ಏನು ಬರೆಯಲಿ?

"ನನ್ನ ಬಗ್ಗೆ ಏನೂ ಬೇಡ," ಎಂದು ಎದ್ದು, ಮಧ್ಯಾಹ್ನದ ಗ್ಲಾಸುಗಳಿಗೆ ನೀರು ಕಾಯಿಸಲು ಹೊರಡುತ್ತಾರೆ. ಬಾಗಿಲಲ್ಲಿ ತಿರುಗಿ ನಿಲ್ಲುತ್ತಾರೆ. "ಗ್ಲಾಸಿಗೆ ಯಾವ ವಾಸನೆಯೂ ಇರ್ಲಿಲ್ಲ ಅಂತ ಬರೀರಿ. ಅದೊಂದು ಸಾಕು."